ಮನೆಯಲ್ಲಿ ಅಳು ನಿಷೇಧಿಸಿದ್ದ ಸುಲ್ತಾನಸಾಬರು

ಸುಲ್ತಾನಸಾಬರಿಗೆ ಎರಡು ದನಿಗಳಿದ್ದವು. ಒಂದು, ಯಾದಗಿರಿಯ ಗಂಜಿನಲ್ಲಿ, ಅಂದರೆ ಬೆಳೆಯ ಮಾರುಕಟ್ಟೆಯಲ್ಲಿ, ತೊಗರಿ, ಶೇಂಗಾ, ಹತ್ತಿಯ ರಾಶಿಗಳ ನಡುವೆ ನಿಂತು ಹರಾಜಿನ ಸವಾಲು ಕೂಗುವ ದನಿ. ಅದು ಎದ್ದಿತೆಂದರೆ ಅಡತಿ ದಲಾಲರ ಅಂಗಡಿಗಳ ತಗಡಿನ ಮಾಡು ಗುಂಯ್ಯೆನ್ನುತ್ತಿತ್ತು, ಬಳಿಚಕ್ರ ಊರಿನಿಂದ ಚೀಲ ಹೇರಿಕೊಂಡು ಬಂದ ರೈತ ದೂರದ ಚಹಾದಂಗಡಿಯಲ್ಲಿ ಕುಳಿತೇ ತನ್ನ ಮಾಲಿನ ಧಾರಣೆಯನ್ನು ಕೇಳಿಸಿಕೊಳ್ಳುತ್ತಿದ್ದ. ಇನ್ನೊಂದು, ಸ್ವಂತ ಮನೆಯ ಹೊಸ್ತಿಲು ದಾಟಿದೊಡನೆ ಅದೇ ಗಂಟಲಿನಿಂದ ಹೊರಡುತ್ತಿದ್ದ ಪಿಸುದನಿ. ತೊಟ್ಟಿಲ ಪಕ್ಕದಲ್ಲಿ ನಿಂತವರು ಮಾತಾಡುವಂಥ, ಎದುರಿಗಿದ್ದವನು ಕಿವಿಗೊಟ್ಟು ಆಲಿಸಬೇಕಾದ ದನಿ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಅವರ ಗೋಡೆಗೆ ಹತ್ತಿದ ಮನೆಯನ್ನು ಕೊಂಡ ನಾನು, ಈ ಮನುಷ್ಯ ದಿನವೆಲ್ಲ ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಾರೆಂದೇ ಬಹಳ ದಿನ ತಿಳಿದಿದ್ದೆ. ನಿಜವಾದ ಕಾರಣ ಅವರ ಮೊಮ್ಮಗಳು ಸಬಾ ಎಂಬುದು ಆಮೇಲೆ ಗೊತ್ತಾಯಿತು.

ಎತ್ತರದ ಆಳು. ಆದರೆ ನಡೆಯುವಾಗ ಸೊಂಟದಿಂದ ಮೇಲಿನ ದೇಹ ಮುಂದಕ್ಕೆ ಬಾಗಿರುತ್ತಿತ್ತು. ಆಯುಷ್ಯವಿಡೀ ರಾಶಿಗಳ ಮೇಲೆ ಬಗ್ಗಿ ಕಾಳು ನೋಡಿದ ಬೆನ್ನು, ರಾಶಿಯಿಲ್ಲದ ಡಾಂಬರು ರಸ್ತೆಯಲ್ಲೂ ಬಗ್ಗಿಯೇ ಇರುತ್ತಿತ್ತು. ನಮ್ಮ ಊರಿನ ವೈಶಾಖದಲ್ಲಿ, ನಾಯಿಗಳೂ ನೆರಳು ಬಿಟ್ಟು ಕದಲದ ಮಧ್ಯಾಹ್ನಗಳಲ್ಲಿ ಕೂಡ, ಬಿಳಿಯ ಅಂಗಿಯ ಮೇಲೆ ತೋಳಿಲ್ಲದ ಕರಿಯ ಸದರಿಯೊಂದನ್ನು ತೊಟ್ಟೇ ತಿರುಗುತ್ತಿದ್ದರು. "ಸೆಕಿ ಆಗಂಗಿಲ್ಲೇನ್ರಿ ಸಾಹೇಬರ?" ಎಂದು ಒಮ್ಮೆ ಕೆಣಕಿದ್ದಕ್ಕೆ, "ಸದರಿ ಬಿಟ್ರ ಕಿಸೆ ಎಲ್ಲಿಂದ ತರ್ಲ್ರಿ ಮಾಸ್ತರ್ರ?" ಎಂದು ನಕ್ಕಿದ್ದರು. ಆ ಕಿಸೆಗಳಲ್ಲಿ ಬತ್ತಾಸು, ಶೇಂಗಾ ಚಿಕ್ಕಿ, ಬಣ್ಣಬಣ್ಣದ ಪೆಪ್ಪರಮೆಂಟುಗಳು ಸದಾ ತುಂಬಿರುತ್ತಿದ್ದವು, ಅವರು ನಡೆದರೆ ಸಣ್ಣಗೆ ಸದ್ದು ಮಾಡುತ್ತಿದ್ದವು. ನಕ್ಕಾಗ ಕಾಣುತ್ತಿದ್ದ ಹಲ್ಲುಗಳಂತೂ ಎಪ್ಪತ್ತರ ಹತ್ತಿರದ ಮನುಷ್ಯನವೆಂದರೆ ನಂಬುವಂತಿರಲಿಲ್ಲ. ಪ್ರತಿ ನಮಾಜಿಗೆ ಮುಂಚೆ ಮಿಸ್ವಾಕ್ ಕಡ್ಡಿಯಿಂದ ತಿಕ್ಕಿ ತಿಕ್ಕಿ ಕಾಪಾಡಿಕೊಂಡ ಹಲ್ಲುಗಳವು. ತೊಗರಿ ಒಣಗಿದೆಯೋ ಹಸಿಯಿದೆಯೋ ಎಂಬುದನ್ನು ಅವರು ಒಂದು ಕಾಳನ್ನು ದವಡೆಯಲ್ಲಿ ಕಟಕ್ಕನೆ ಕಚ್ಚಿಯೇ ಹೇಳುತ್ತಿದ್ದರು.

ಗಂಜಿನಲ್ಲಿ ಅವರಿಗಿದ್ದ ಗೌರವ ದನಿಗಿಂತ ಹೆಚ್ಚಾಗಿ ಮಾತಿನದು. ಧಾರಣೆಯನ್ನು ಮೂರು ಸಲ ಕೂಗಿ "ಆತು" ಎಂದರೆ ಮುಗಿಯಿತು. ಆಮೇಲೆ ವ್ಯಾಪಾರಿ ಗೋಗರೆದರೂ ರೈತ ಕಣ್ಣೀರಿಟ್ಟರೂ ಆ ಮಾತು ತಿರುಗುತ್ತಿರಲಿಲ್ಲ. ಈಗ ಸವಾಲೆಲ್ಲ ಕಂಪ್ಯೂಟರಿನ ಪಾಲಾಗಿ, ಅವರು ಒಬ್ಬ ಅಡತಿಯ ಅಂಗಡಿಯಲ್ಲಿ ತೂಕ ನೋಡಿಕೊಂಡಿರುತ್ತಾರೆ. ಆದರೂ ಆ "ಆತು" ಮಾತ್ರ ನಾಲಗೆ ಬಿಟ್ಟು ಹೋಗಿಲ್ಲ. ಚಹಾ ಬೇಕೇ ಎಂದರೂ "ಆತು", ಮಳೆ ನಿಂತರೂ "ಆತು", ಯಾರಾದರೂ ತೀರಿಕೊಂಡ ಸುದ್ದಿ ಬಂದರೂ "ಆತು". ಆಡಬೇಕಾದವರು ಆಡಿದ ಮಾತು ಅಲ್ಲಿಗೇ ಸ್ಥಿರವಾಯಿತು, ಅದನ್ನು ಮತ್ತೆ ಎತ್ತಿ ಕೇಳುವುದು ಮರ್ಯಾದೆಯಲ್ಲ ಎಂಬ ಈ ವ್ಯಾಪಾರಧರ್ಮವೇ ಅವರ ಮನೆಯಲ್ಲೊಂದು ವಿಚಿತ್ರ ಕಾನೂನಾಗಿ ಕುಳಿತಿತ್ತು.

ಸಬಾ ಹುಟ್ಟುವಾಗಲೇ ಹೃದಯದಲ್ಲಿ ದೋಷ ಹೊತ್ತು ಬಂದವಳು. ಅದರ ಒಳಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಅತ್ತರೆ ಕೂಸಿನ ತುಟಿ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಆಗ ನೋಡಿದ ಕಲಬುರಗಿಯ ಡಾಕ್ಟರು "ಕೂಸಿನ್ನ ಅಳಿಸಬ್ಯಾಡ್ರಿ, ಉಸರು ಸಿಕ್ಕೊಂಡೀತು" ಎಂದು ಹೇಳಿ ಕಳಿಸಿದ್ದರು. ಕೆಲವು ತಿಂಗಳಲ್ಲಿ ಒಂದು ಸಣ್ಣ ಆಪರೇಷನ್ನಾಗಿ ಕೂಸಿನ ಉಸಿರು ನಿರಾಳವಾಯಿತು. ತೂಕ ಬಂದ ಮೇಲೆ ದೊಡ್ಡ ಆಪರೇಷನ್ನು ಎಂದರು. ಡಾಕ್ಟರು ಆಡಿದ್ದು ಆ ಕೆಲವು ತಿಂಗಳ ಮಾತು. ಸುಲ್ತಾನಸಾಬರು ಅದಕ್ಕೆ ಮುಕ್ತಾಯ ಉಂಟೇ ಎಂದು ಕೇಳಲಿಲ್ಲ. ಕೇಳುವುದೆಂತು? ಡಾಕ್ಟರು ಹೇಳಿಯಾಗಿತ್ತು, ಇವರು "ಆತು" ಎಂದಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಅಳು ನಿಷಿದ್ಧವಾಯಿತು. ಮಗ ಮುಜಫರ ಲಾರಿಯ ಮೇಲೆ ವಾರಗಟ್ಟಲೆ ಊರೂರು ತಿರುಗುವವನು. ಸೊಸೆ ಮಮ್ತಾಜ ಸುರಪುರದಿಂದ ಬಂದ, ಮಾತಿಗೊಮ್ಮೆ ತಲೆಯ ಸೆರಗನ್ನು ಸರಿಮಾಡಿಕೊಳ್ಳುವ ಸೌಮ್ಯ ಹೆಣ್ಣುಮಗಳು. ಹೀಗಾಗಿ ಕಾನೂನಿಗೆ ಎದುರು ಹೇಳುವವರಿರಲಿಲ್ಲ. ಸಾಕಿದ ಹುಂಜ ಕೂಗಿ ಬೆಚ್ಚಿಬೀಳಿಸುತ್ತದೆಂದು ಅದನ್ನು ಮಾರಿದರು. ಬಕ್ರೀದಿಗೆ ಕುರಿಯನ್ನು ಮನೆಗೆ ತರುವುದನ್ನೇ ಬಿಟ್ಟರು. ಹುಡುಗಿ ಅದಕ್ಕೆ ಹೊಂದಿಕೊಂಡು ಆಮೇಲೆ ಅತ್ತಾಳು ಎಂದು ಕುರ್ಬಾನಿಯೆಲ್ಲ ಸುರಪುರದ ಬೀಗರ ಮನೆಯಲ್ಲಿ. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ಕೈಮುಗಿಯುವುದೊಂದು ಬಾಕಿ ಎಂಬಂತೆ ನಿಂತು, "ಮಾಸ್ತರ್ರ, ತಪ್ ತಿಳೀಬ್ಯಾಡ್ರಿ, ನಿಮ್ಮ ಕುಕ್ಕರಿನ ಸೀಟಿಗಿ ಹುಡುಗಿ ಹೆದರತದ. ಜರಾ ಬ್ಯಾರೆ ಖೋಲ್ಯಾಗ ಅಡಗಿ ಮಾಡಾಕ ಬರತದೇನ್ರಿ?" ಎಂದರು. ಕುಕ್ಕರಿನ ಸೀಟಿಯ ಮೇಲೂ ಹಕ್ಕು ಚಲಾಯಿಸುವ ಈ ನೆರೆಯವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅವರ ಕಾಲ ಹಿಂದೆ ಅಡಗಿ ನಿಂತಿದ್ದ ಆ ಸಣ್ಣ ಮುಖ ನೋಡಿದೆ, ಸಿಟ್ಟು ಇಳಿಯಿತು. ಕುಕ್ಕರು ಹಿತ್ತಿಲ ಖೋಲಿಗೆ ಹೋಯಿತು.

ಸಬಾ ನಾಲ್ಕು ಹೆಜ್ಜೆ ಓಡಿದರೆ ಕುಕ್ಕುರುಗಾಲಿನಲ್ಲಿ ಕುಳಿತು ಏದುಸಿರು ಬಿಡುತ್ತಿದ್ದಳು. ಅವಳು ಕುಳಿತೊಡನೆ, ಅವಳು ದಾದಾ ಎಂದು ಕರೆಯುವ ಅಜ್ಜ ಸದರಿಯ ಕಿಸೆಗೆ ಕೈ ಹಾಕುತ್ತಿದ್ದರು. ಮುಖ ಸಣ್ಣಗಾದರೆ ಬತ್ತಾಸು, ತುಟಿ ನಡುಗಿದರೆ ಚಿಕ್ಕಿ, ಔಷಧ ಕುಡಿಯಲು ಹಟ ಮಾಡಿದರೆ ಔಷಧಕ್ಕೆ ಮೊದಲೊಂದು ಪೆಪ್ಪರಮೆಂಟು, ಕುಡಿದ ಮೇಲೆ ಇನ್ನೊಂದು. ಮಲಗುವಾಗ ಸಕ್ಕರೆ ಸುರಿದ ಹಾಲು. ಹಲ್ಲುಜ್ಜಲು ಹೋದರೆ ಮಗು ರಂಪ ಮಾಡುತ್ತದೆಂದು ಬ್ರಶ್ಶನ್ನು ಮಮ್ತಾಜಳ ಕೈಯಿಂದ ಕಸಿದು ಮೇಲಿನ ಮಾಡದಲ್ಲಿ ಇಟ್ಟುಬಿಟ್ಟಿದ್ದರು. ತಮ್ಮ ಬಾಯಿಯನ್ನು ದಿನಕ್ಕೆ ಐದು ಹೊತ್ತು ತಿಕ್ಕಿಕೊಳ್ಳುವ ಮನುಷ್ಯ ಮೊಮ್ಮಗಳ ಬಾಯಿಗೆ ಒಂದು ಕಡ್ಡಿಯನ್ನೂ ತಾಗಿಸಗೊಡಲಿಲ್ಲ. ಮುಂದಿನ ಹಲ್ಲುಗಳು ಮೊದಲು ಹಳದಿಯಾದವು, ಆಮೇಲೆ ಕಂದಾದವು, ಕೊನೆಗೆ ಸುಟ್ಟ ಕಡ್ಡಿಯ ತುದಿಗಳಂತೆ ಕಪ್ಪಾಗಿ ಮೊಂಡಾದವು. ನಾನು ಒಂದೆರಡು ಸಲ ಎಚ್ಚರಿಸಿದೆ. "ಹಾಲಹಲ್ಲು ಅವು, ಉದುರಿ ಹೋಗೂವು. ಎದಿ ಗಟ್ಟಿ ಆಗ್ಲಿ ಮೊದಲ" ಎಂದು ನಕ್ಕುಬಿಟ್ಟರು. ತಮ್ಮ ಮೊಮ್ಮಗಳು ಅಳುವುದೇ ಇಲ್ಲವೆಂದು ಗಂಜಿನವರೆದುರು ಹೇಳಿಕೊಳ್ಳುವಾಗ ಅವರ ಬಾಗಿದ ಬೆನ್ನು ತುಸು ನೆಟ್ಟಗಾಗುತ್ತಿತ್ತು. ನಿಜಕ್ಕೂ ಆ ಹುಡುಗಿ ಅಳುತ್ತಿರಲಿಲ್ಲ. ಏಳು ವರ್ಷದ ಮಗುವಿನ ಮನೆ ಗೋಡೆಯಾಚೆ ಇದೆ ಎಂಬುದೇ ನಮಗೆ ಮರೆತುಹೋಗುವಷ್ಟು ಮೌನ ಅಲ್ಲಿರುತ್ತಿತ್ತು.

ಕಡೆಗೊಂದು ಚಳಿಗಾಲ ದೊಡ್ಡ ಆಪರೇಷನ್ನಿಗೆ ಬೆಂಗಳೂರಿನಿಂದ ಕರೆ ಬಂತು. ಓಣಿಯವರೆಲ್ಲ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದೆವು. ವಾರ ಕಳೆಯುವ ಮೊದಲೇ ಅವರು ಹಿಂದಿರುಗಿದರು. ಸಬಾಳ ಎದೆಯ ಮೇಲೆ ಗಾಯವಿರಲಿಲ್ಲ, ಸುಲ್ತಾನಸಾಬರ ಮುಖದಲ್ಲಿ ಬಣ್ಣವಿರಲಿಲ್ಲ.

"ಎದಿ ತೋರಿಸಾಕ ಒಯ್ದ್ರ ಹಲ್ಲು ನೋಡಿ ಹೊಳ್ಳಿ ಕಳಿಸ್ಯಾರ್ರಿ ಮಾಸ್ತರ್ರ!" ಅಂದು ಮೊದಲ ಸಲ ಅವರು ನನ್ನ ಜಗಲಿಯ ಮೇಲೆ ಗಂಜಿನ ದನಿಯಲ್ಲಿ ಮಾತಾಡಿದರು. "ಬಾಯಿ ತೆರೆಸಿ ನೋಡಿದ್ರು, ಒಸಡು ಬಾತಾವ, ಕೀವು ಆಗೇದ, ಹಿಂಗಿದ್ದಾಗ ಎದಿ ಕೊಯ್ಯಂಗಿಲ್ಲ ಅಂದ್ರು. ಹಲ್ಲಿಗೂ ಎದಿಗೂ ಏನ್ ಸಂಬಂಧ್ರೀ?"

ಸಂಬಂಧವನ್ನು ಆ ಆಸ್ಪತ್ರೆಯವರು ವಿವರಿಸಿಯೇ ಇದ್ದರು. ಇವರ ಕಿವಿಗೆ ಇಳಿದಿರಲಿಲ್ಲ. ಕೆಟ್ಟ ಹಲ್ಲುಗಳನ್ನು ಊರಲ್ಲೇ ಕೀಳಿಸಿ, ಒಸಡು ವಾಸಿಯಾದ ಮೇಲೆ ಬಂದರೆ ಸರದಿ ಉಳಿಯುತ್ತದೆ, ಇಲ್ಲವಾದರೆ ಮತ್ತೆ ಯಾವಾಗಲೋ ಎಂದಿದ್ದರು. ಅತ್ತ ಸಬಾಳ ದಮ್ಮು ದಿನದಿನಕ್ಕೆ ಹೆಚ್ಚುತ್ತಿತ್ತು. ಹಿತ್ತಿಲಿನಿಂದ ಒಳಕ್ಕೆ ಬರುವಷ್ಟರಲ್ಲಿ ಕುಳಿತುಬಿಡುತ್ತಿದ್ದಳು. ಕಾಯುವ ಅವಕಾಶವಿರಲಿಲ್ಲ. ಆದರೂ ಸುಲ್ತಾನಸಾಬರು ಲವಂಗದೆಣ್ಣೆ ಹಚ್ಚಿದರು, ಉಪ್ಪುನೀರು ಮುಕ್ಕಳಿಸಲು ಹೇಳಿದರು, ಶಹಾಪುರದ ಹಕೀಮರೊಬ್ಬರಿಂದ ಒಂದು ಪುಡಿ ತಂದರು. ಕೀಳಿಸುವ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದರು. ಒಂದು ದಿನ ನನಗೆ ತಡೆಯದೆ, "ಸಾಹೇಬರ, ನಿಮ್ಮ ಹಟ ಹುಡುಗಿಗಿ ಮುಳುವಾಗತದ ನೋಡ್ರಿ" ಎಂದು ಬಿರುಸಾಗಿಯೇ ಅಂದುಬಿಟ್ಟೆ. ಮರುದಿನ ಬೆಳಿಗ್ಗೆ ಅವರು ಮಮ್ತಾಜಳನ್ನೂ ಸಬಾಳನ್ನೂ ಕರೆದುಕೊಂಡು ಬಂದು, "ನೀವೂ ಬರ್ರಿ, ನನಗ ಒಬ್ಬನಿಗಿ ಧೈರ್ಯ ಇಲ್ಲ" ಎಂದು ಪಿಸುದನಿಯಲ್ಲಿ ಕರೆದರು.

ಊರಿನ ದವಾಖಾನೆಯ ಹಲ್ಲಿನ ಡಾಕ್ಟರು ರೇವತಿ ಎಂಬ ಸುರಪುರ ಕಡೆಯ ತರುಣಿ. ಸಣ್ಣ ಮೈಯ, ದಪ್ಪ ಕನ್ನಡಕದ, ಮಾತನ್ನು ಸುತ್ತಿ ಬಳಸಿ ಆಡದ ಹುಡುಗಿ. ತಾಯಿಮಗಳನ್ನು ಬೆಂಚಿನ ಮೇಲೆ ಕೂರಿಸಿ, ಸುಲ್ತಾನಸಾಬರನ್ನು ಬದಿಗೆ ಕರೆದು ಹೇಳಿದರು: "ಬಾಯಿ ಬ್ಯಾರೆ, ಎದಿ ಬ್ಯಾರೆ ಅನ್ಕೋಬ್ಯಾಡ್ರಿ ಅಜ್ಜಾರ. ಒಸಡಿನ್ಯಾಗಿನ ಕ್ರಿಮಿ ಬಾಯಾಗೇ ಕುಂಡ್ರಂಗಿಲ್ಲ, ರಕ್ತದಾಗ ಇಳೀತಾವ. ಆರಾಮ ಇದ್ದವರಿಗೆ ದಕ್ಕತದ. ಈಕಿಗೆ ಅವು ಎದಿಯೊಳಗ ಹೋಗಿ ಕುಂತು ಅಲ್ಲೂ ಬಾವು ತರತಾವ. ಹಂಗಾದ್ರ ಆಪರೇಷನ್ ಮಾಡಿದ್ದೂ ಉಳಿಯಂಗಿಲ್ಲ, ಹುಡುಗೀನೂ ಉಳಿಯಂಗಿಲ್ಲ."

"ಅಳದಂಗ ತೆಗೀತೀರೇನು?" ಸುಲ್ತಾನಸಾಬರು ಕೇಳಿದ್ದು ಅದೊಂದೇ.

"ಸೂಜಿ ಹಾಕಿ ಬ್ಯಾನಿ ಕಮ್ಮಿ ಮಾಡ್ತೀನ್ರಿ. ಆದ್ರ ಹೆದರಿಕಿಗಿ ಅಳ್ತಾಳ. ಮಕ್ಕಳ ಡಾಕ್ಟರು ಬಾಜೂಕ ಇರ್ತಾರ, ಆಕ್ಸಿಜನ್ ಇರತದ. ಅಳ್ಲಿ ಬಿಡ್ರಿ."

"ಅಳಿಸಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ."

"ಯಾವಾಗ ಹೇಳ್ಯಾರ್ರಿ?"

"ಕೂಸಿದ್ದಾಗ."

ರೇವತಿಯವರು ಕನ್ನಡಕ ತೆಗೆದು ಅವರ ಮುಖವನ್ನೇ ನೋಡಿದರು. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. "ಇವತ್ತು ಕೀಳಂಗಿಲ್ಲ, ಬಾಯಿ ಅಷ್ಟ ನೋಡ್ತೀನಿ" ಎಂದು ಸಬಾಳನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಒಸಡು ಕೆಂಪಗೆ ಉಬ್ಬಿ, ಒಂದು ದವಡೆ ಹಲ್ಲಿನ ಬುಡದಲ್ಲಿ ಬಿಳಿಯ ಗುಳ್ಳೆ ಎದ್ದಿತ್ತು. ಅದನ್ನು ನೋಡಿದ ನನ್ನ ಹಲ್ಲೇ ಜುಮ್ಮೆಂದಿತು. "ನೋಯ್ತದೇನ ಪುಟ್ಟಿ?" ಎಂದು ಅವರು ಕೇಳಿದರು. ಸಬಾ ಮೊದಲು ಅಜ್ಜನ ಮುಖ ನೋಡಿದಳು. ಆಮೇಲೆ "ಇಲ್ರಿ" ಎಂದಳು. ರೇವತಿಯವರು ಆ ನೋಟವನ್ನು ಗಮನಿಸಿರಬೇಕು. ನಮ್ಮಿಬ್ಬರನ್ನೂ ಪರದೆಯಾಚೆ, ಮಮ್ತಾಜ ಕುಳಿತಿದ್ದ ಬೆಂಚಿನ ಬಳಿಗೆ ಕಳಿಸಿದರು. ಆ ಪರದೆ ಒಂದು ತೆಳುವಾದ ಹಸಿರು ಬಟ್ಟೆ ಅಷ್ಟೆ.

"ಈಗ ಹೇಳು. ನೋಯ್ತದೇನು?"

ಸಣ್ಣ ದನಿ ಕೇಳಿಸಿತು. "ಭಾಳ ನೋಯ್ತದ್ರಿ."

"ಯಾವಾಗಿಂದ?"

"ಮೊಹರಂದಿಂದ್ರಿ. ಮಕ್ಕೊಂಡಾಗ ಹೆಚ್ಚ ಆಗ್ತದ. ಚಾದರ ಕಚ್ಚಿ ಹಿಡ್ಕೋತೀನಿ. ದಾದಾಗ ಹೇಳಬ್ಯಾಡ್ರಿ. ನಾ ಅತ್ತರ ದಾದಾ ಭಾಳ ಹೆದರ್ತಾರ."

ಮೊಹರಂ ಕಳೆದು ಎಷ್ಟೋ ತಿಂಗಳಾಗಿದ್ದವು. ಪರದೆಯ ಈಚೆ ಸುಲ್ತಾನಸಾಬರು ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ನಾನು ಅವರ ಕಡೆ ನೋಡಲಾರದೆ ಮುಖ ತಿರುಗಿಸಿದೆ. ಅಷ್ಟು ಬರಿದಾದ ಮನುಷ್ಯಮುಖವನ್ನು ನೋಡುವುದು ಸಭ್ಯತೆಯಲ್ಲ ಎನ್ನಿಸಿತು. ಮೊಮ್ಮಗಳನ್ನು ಅಳುವಿನಿಂದ ಕಾಯುತ್ತಿದ್ದೇನೆಂದು ಇಷ್ಟು ವರ್ಷ ನಂಬಿದ್ದ ಮನುಷ್ಯ. ಆ ಎಳೆಯ ಜೀವ ತನ್ನ ಬಾಯಿಗೆ ತಾನೇ ಬಟ್ಟೆ ತುರುಕಿಕೊಂಡು ಅವರನ್ನು ಕಾಯುತ್ತಿತ್ತು.

ಅವರು ಸೊಸೆಯ ಕಡೆ ತಿರುಗಿ ಗೊತ್ತಿತ್ತೇ ಎಂಬಂತೆ ನೋಡಿದರು. ಮಾವನೊಡನೆ ಸದಾ ದಖನಿ ಉರ್ದುವಿನಲ್ಲೇ ಮಾತಾಡುವ ಮಮ್ತಾಜ ಅಂದು ಕನ್ನಡದಲ್ಲಿ ಹೇಳಿದಳು. ನಾನೂ ಸಾಕ್ಷಿಯಾಗಿರಲಿ ಎಂದೋ ಏನೋ. "ನನಗೂ ಹೇಳಿಲ್ರಿ ಅಬ್ಬಾ. ಹೆಂಗ ಹೇಳ್ತಾಳ? ನಮ್ಮ ಮನ್ಯಾಗ ಅಳಂಗಿಲ್ಲಲ್ಲ. ಅಕಿ ಹುಟ್ಟಿದಾಗಿಂದ ನಾನೂ ಅತ್ತಿಲ್ಲ." ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮುಂದಿನ ವಾರ ಹಲ್ಲು ಕೀಳುವ ದಿನ ಅವರು ತಾವೇ ಕುರ್ಚಿಯೇರಿ ಕುಳಿತು ಸಬಾಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕ್ರಿಮಿ ರಕ್ತಕ್ಕೆ ಇಳಿಯದಿರಲೆಂದು ಒಂದು ಗಂಟೆ ಮುಂಚೆಯೇ ಔಷಧ ಕುಡಿಸಿಯಾಗಿತ್ತು. ಮಕ್ಕಳ ಡಾಕ್ಟರು ಬಂದು ನಿಂತರು. ತುಟಿ ನೀಲಿಯಾದರೆ ಹುಡುಗಿಯ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿಯಬೇಕೆಂದು ತೋರಿಸಿಕೊಟ್ಟರು. ಸೂಜಿ ಹತ್ತಿರ ಬಂತು. ಸಬಾಳ ಕಣ್ಣು ಅಗಲವಾದವು, ಕತ್ತಿನ ನರ ಉಬ್ಬಿತು, ಆದರೂ ಅವಳು ತುಟಿ ಬಿಗಿದು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಅಳುವುದಕ್ಕೆ ಅಪ್ಪಣೆ ಬೇಕಿತ್ತು ಅವಳಿಗೆ.

"ಅಳು ಬೇಟಾ," ಎಂದರು ಸುಲ್ತಾನಸಾಬರು. "ಬೇಕಾದಷ್ಟು ಅಳು. ದಾದಾ ಹೆದರಂಗಿಲ್ಲ."

ಸಬಾ ಇನ್ನೊಂದು ಕ್ಷಣ ಅವರ ಮುಖವನ್ನು ಪರೀಕ್ಷಿಸಿದಳು, ಮಾತು ನಿಜವೋ ಸುಳ್ಳೋ ಎಂದು. ಆಮೇಲೆ ಅತ್ತಳು. ಎಂಥ ಅಳು ಅದು! ಆ ನಾಲ್ಕು ಗೇಣಿನ ದೇಹದಲ್ಲಿ ಅಷ್ಟೊಂದು ದನಿ ಎಲ್ಲಿತ್ತೋ. ಕಾರಿಡಾರಿನಲ್ಲಿ ಕುಳಿತ ರೋಗಿಗಳೆಲ್ಲ ಎದ್ದು ಬಂದು ಬಾಗಿಲಲ್ಲಿ ಇಣುಕಿದರು. ಹಲ್ಲುಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ನಡುವೆ ಒಮ್ಮೆ ತುಟಿ ಕಪ್ಪಿಟ್ಟಿತು. ಸುಲ್ತಾನಸಾಬರು ಅವಳ ಮೊಣಕಾಲುಗಳನ್ನು ಎದೆಗೊತ್ತಿ, ಇಡೀ ಹುಡುಗಿಯನ್ನು ತಮ್ಮೊಳಗೆ ಮಡಚಿಕೊಂಡವರಂತೆ ಹಿಡಿದು ಕುಳಿತರು. ಡಾಕ್ಟರು ಕೈ ತಡೆದರು, ಆಕ್ಸಿಜನ್ ಹಿಡಿದರು, ತುಟಿಗೆ ಬಣ್ಣ ಮರಳುವವರೆಗೆ ಕಾದರು. ಅಜ್ಜ ಅಲುಗಲಿಲ್ಲ, ಕಣ್ಣು ಮುಚ್ಚಲಿಲ್ಲ. ಹೊರಗೆ ಬೆಂಚಿನ ಮೇಲೆ ಮಮ್ತಾಜ ಅಳುತ್ತಿದ್ದಳು. ಯಾರೂ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಗೋಡೆಯಾಚೆಯ ಮೌನ ಮುರಿಯಿತು. ಉಳಿದ ಹಲ್ಲುಗಳನ್ನು ದಿನಕ್ಕೆ ಎರಡು ಹೊತ್ತು ಉಜ್ಜಬೇಕೆಂಬುದು ರೇವತಿಯವರ ಆಜ್ಞೆ. ಬ್ರಶ್ಶು ಬಾಯಿಗೆ ಹೋದೊಡನೆ ಸಬಾ ಕಿರುಚುತ್ತಿದ್ದಳು, ಮಮ್ತಾಜ ಗದರುತ್ತಿದ್ದಳು, ಮುದುಕರು ಹಿತ್ತಿಲಲ್ಲಿ ಅತ್ತಿಂದಿತ್ತ ಬಾಗಿ ನಡೆಯುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ಗೋಡೆಯ ಮೇಲಿಂದ ನನ್ನ ಕಣ್ಣಿಗೆ ಬಿದ್ದಾಗ, "ಕೇಳಾಕ ಆಗವಲ್ದು ಮಾಸ್ತರ್ರ" ಎಂದರು. ಆದರೆ ಒಳಗೆ ಹೋಗಿ ಬ್ರಶ್ಶು ಕಸಿದುಕೊಳ್ಳಲಿಲ್ಲ. ಒಸಡು ವಾಸಿಯಾಯಿತು. ಮತ್ತೆ ರೈಲು ಹತ್ತಿದರು. ಈ ಸಲ ಬೇಗ ಹಿಂದಿರುಗಲಿಲ್ಲ. ಅವರು ಬಾರದಿರುವ ಒಂದೊಂದು ದಿನವೂ ನಮಗೆ ಶುಭವಾರ್ತೆಯಂತಿತ್ತು.

ಅಲ್ಲಿ ನಡೆದದ್ದನ್ನು ಮಮ್ತಾಜ ಬಂದ ಮೇಲೆ ನನ್ನ ಹೆಂಡತಿಯ ಮುಂದೆ ಹೇಳಿದಳು. ಎದೆ ಹೊಲಿದು, ಗಂಟಲ ನಳಿಗೆ ತೆಗೆದು, ಮನೆಯವರಲ್ಲಿ ಒಬ್ಬರು ಬಂದು ನೋಡಬಹುದೆಂದಾಗ ಸುಲ್ತಾನಸಾಬರು ಸೊಸೆಯನ್ನು ಮುಂದೆ ಕಳಿಸಿ, ಆಮೇಲೆ ತಾವು ಹೋದರಂತೆ. ಅಮ್ಮನೆದುರು ಸುಮ್ಮನೆ ಮಲಗಿದ್ದ ಸಬಾ, ಬಾಗಿಲಲ್ಲಿ ಆ ಬಾಗಿದ ಆಕೃತಿ ಕಂಡದ್ದೇ ತಡ, ಬಿಕ್ಕಿ ಬಿಕ್ಕಿ ಅಳತೊಡಗಿದಳಂತೆ. ಎದೆಯ ಹೊಲಿಗೆಗೆ ನೋವಾದೀತೆಂದು ನರ್ಸು ಧಾವಿಸಿ ಬಂದು, ಅಜ್ಜನಿಗೆ ಹೊರಗೆ ಹೋಗಲು ಹೇಳಿದಳು. ಅವರು ಕದಲಲಿಲ್ಲ. ಅಳುವ ಮಗುವಿನ ತುಟಿ ಗುಲಾಬಿಯಾಗಿಯೇ ಇರುವುದನ್ನು ಬಗ್ಗಿ ನೋಡಿದರು, ಉಗುರು ನೋಡಿದರು. ಆಮೇಲೆ, ಗಂಜಿನಲ್ಲಿ ಯಾವ ಧಾರಣೆಗೂ ಪಡದಷ್ಟು ಹೆಮ್ಮೆಯಿಂದ, ಕನ್ನಡ ಬಾರದ ಆ ಕೇರಳದ ನರ್ಸಿಗೆ ಹೇಳಿದರಂತೆ: "ಜರಾ ಅಳ್ಲಿ ಬಿಡವ್ವ. ಅಕಿ ನನ್ನ ಕಂಡು ಅಳಾಕತ್ತಾಳ."

ಇಂಥವರು ನಮ್ಮಲ್ಲಿ ಓಣಿಗೊಬ್ಬರಾದರೂ ಇರುತ್ತಾರೆ. ಮನೆಯ ದುಃಖವನ್ನೆಲ್ಲ ತಾವೊಬ್ಬರೇ ಹೊಸ್ತಿಲಿನಾಚೆ ತಡೆದು ನಿಲ್ಲಿಸುತ್ತೇವೆಂದು ಹೊರಟು, ತಮ್ಮ ಭಯವನ್ನೇ ಪ್ರೀತಿಯೆಂದು ತಿಳಿದು, ಆ ಭಯದ ಸೇವೆಗೆ ಮನೆಮಂದಿಯನ್ನೆಲ್ಲ ನಿಲ್ಲಿಸಿಬಿಡುವವರು. ಅವರ ಮನಸ್ಸು ನೋಯಬಾರದೆಂದು ಮಕ್ಕಳು ನೋವನ್ನು ನುಂಗುತ್ತವೆ, ಹೆಣ್ಣುಮಕ್ಕಳು ಕಣ್ಣೀರನ್ನು ಒಲೆಯ ಹೊಗೆಯ ಮೇಲೆ ಹಾಕುತ್ತಾರೆ, ಅವರು ಮಾತ್ರ ನಮ್ಮ ಮನೆಯಲ್ಲಿ ಯಾರೂ ಅಳುವುದಿಲ್ಲವೆಂದು ಸಂತೋಷದಿಂದ ಹೇಳಿಕೊಂಡು ತಿರುಗುತ್ತಾರೆ. ಅವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಮರುಕವೂ ಬರುತ್ತದೆ, ಮರುಕವೇ ಹೆಚ್ಚು. ಅವರಲ್ಲಿ ಬಹಳ ಮಂದಿ ತಮ್ಮ ತಪ್ಪನ್ನು ಅರಿಯದೆಯೇ ಪ್ರೀತಿಪಾತ್ರರಾಗಿ ಕಣ್ಮುಚ್ಚುತ್ತಾರೆ. ಎಲ್ಲೋ ಒಬ್ಬಿಬ್ಬರಿಗೆ ಮಾತ್ರ ಬದುಕಿನ ಸಂಜೆಯಲ್ಲಾದರೂ ತಿಳಿಯುತ್ತದೆ: ತಮ್ಮವರು ತಮ್ಮೆದುರು ಅತ್ತರೆಂದರೆ ತಮ್ಮನ್ನು ನಂಬಿದರು ಎಂದರ್ಥ.